ನಡುವಿನ ಐದು ಸೆಕೆಂಡು

ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಆಯ್ತಮ್ಮ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಅದು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಯಾರು ಏನು ಹೇಳಿದರೂ ಅವಳ ಬಾಯಿಂದ ಬರುತ್ತಿದ್ದುದು ಒಂದೇ ಮಾತು. ಇನ್ನೊಂದು ಟ್ರಾಲಿ ಬಂತು ಅಂದರೆ ಆಯ್ತು. ನಾಳೆ ರಜೆ ಇಲ್ಲ ಅಂದರೆ ಆಯ್ತು. ಸಂಜೆ ಅರ್ಧ ಗಂಟೆ ಹೆಚ್ಚು ನಿಲ್ಲಬೇಕು ಅಂದರೆ ಅದಕ್ಕೂ ಆಯ್ತು. ಹದಿನೇಳು ವರ್ಷ ಹೀಗೆ ಹೇಳಿಕೊಂಡು ಬಂದು, ನಲವತ್ತೆಂಟು ತುಂಬುವ ಹೊತ್ತಿಗೆ ಅವಳ ಎರಡೂ ಮಣಿಕಟ್ಟುಗಳು ಕೆಟ್ಟು ಕೂತಿದ್ದವು.

ಮೂರನೇ ಮಹಡಿಯ ಮೂಳೆ ಡಾಕ್ಟರು ಕೈಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಒದ್ದೆ ಬಟ್ಟೆ ಎತ್ತುವುದನ್ನು ನಿಲ್ಲಿಸಿದರೆ ನೋವು ಇಷ್ಟಕ್ಕೇ ನಿಲ್ಲುತ್ತದೆ, ಇಲ್ಲದಿದ್ದರೆ ಇನ್ನೊಂದು ವರ್ಷದಲ್ಲಿ ತುಂಬಿದ ಲೋಟ ಹಿಡಿಯುವುದೂ ಕಷ್ಟ ಎಂದು, ಅವಳ ಭಾಷೆ ಬಲ್ಲ ಕಸದವನೊಬ್ಬನ ಬಾಯಲ್ಲಿ ಹೇಳಿಸಿದರು. ಅವಳು ಆಯ್ತು ಎಂದು ಹೇಳಿ, ಕೆಳಗಿಳಿದು ಬಂದು, ಹಿಂಡುವ ಯಂತ್ರದಿಂದ ಒದ್ದೆ ಚಾದರಗಳನ್ನು ಎತ್ತಿ ಹಾಕಿದಳು. ಬೇರೆ ಏನು ಮಾಡಬೇಕಿತ್ತು? ಗಂಡನಿಗೆ ಬಸ್ ಡಿಪೋದ ಟೈರ್ ವಿಭಾಗದಲ್ಲಿ ಕೆಲಸ. ಇಬ್ಬರ ಸಂಬಳದ ಮೇಲೆ ನಿಂತ ಮನೆ ಒಬ್ಬರ ಸಂಬಳದ ಮೇಲೆ ನಿಲ್ಲುವುದಿಲ್ಲ ಎಂಬುದನ್ನು ಯಾರೂ ಕೂತು ಲೆಕ್ಕ ಹಾಕಿ ತೋರಿಸಬೇಕಾಗಿರಲಿಲ್ಲ.

ಅಂಥ ಸಮಯದಲ್ಲಿ ಎರಡನೇ ಮಹಡಿಯ ಬಟ್ಟೆ ಉಗ್ರಾಣದ ಹೆಂಗಸು ನಿವೃತ್ತಿಯಾಗುತ್ತಾಳೆ ಎಂಬ ಸುದ್ದಿ ಬಂತು. ಆ ಜಾಗಕ್ಕೆ ಲಾಂಡ್ರಿಯಲ್ಲಿ ಹದಿನೈದು ವರ್ಷ ದುಡಿದವರನ್ನೇ ತೆಗೆದುಕೊಳ್ಳುತ್ತಿದ್ದರು. ಕೌಂಟರಿನ ಹಿಂದೆ ಕುರ್ಚಿ ಹಾಕಿಕೊಂಡು ಕೂರುವುದು, ವಾರ್ಡಿನವರು ಕೇಳಿದ ಚಾದರ, ದಿಂಬಿನ ಚೀಲ, ಗೌನುಗಳನ್ನು ಕಪಾಟಿನಿಂದ ತೆಗೆದುಕೊಡುವುದು, ಬರೆದಿಡುವುದು. ಒದ್ದೆಯಾದದ್ದು ಒಂದೂ ಇಲ್ಲ. ಷರತ್ತು ಒಂದೇ: ಮೇಲಿನ ಮಾತು ಬರಬೇಕು. ಆಫೀಸಿನವರು ಎದುರು ಕೂರಿಸಿಕೊಂಡು ಮಾತಾಡಿಸಿ ನೋಡುತ್ತಾರೆ. ಅದಕ್ಕೆ ಇನ್ನೂ ಐದಾರು ತಿಂಗಳಿತ್ತು, ಆಯ್ತಮ್ಮ ಹೆಸರು ಕೊಟ್ಟಳು.

ಮೇಲಿನ ಮಾತು ಎಂದರೆ ಮೇಲಿನವರ ಭಾಷೆ. ನೆಲಮಾಳಿಗೆಯಲ್ಲಿ ತೊಳೆಯುವವರು, ಒಣಗಿಸುವವರು, ಕಸದವರು, ಬಾಯ್ಲರಿನವನು ಎಲ್ಲರೂ ನಮ್ಮ ಭಾಷೆಯವರೇ. ಲಿಫ್ಟ್ ಒಂದು ಮಹಡಿ ಏರಿ ಬಾಗಿಲು ತೆರೆಯುವಷ್ಟರಲ್ಲಿ ಭಾಷೆ ಬದಲಾಗುತ್ತಿತ್ತು. ನರ್ಸುಗಳು, ಗುಮಾಸ್ತರು, ಗೋಡೆಯ ಮೇಲಿನ ಫಲಕಗಳು ಎಲ್ಲ ಅದರಲ್ಲೇ. ಹದಿನೇಳು ವರ್ಷದಲ್ಲಿ ಆಯ್ತಮ್ಮನಿಗೆ ಬಂದಿದ್ದುದು ನಮಸ್ಕಾರ, ಟ್ರಾಲಿ, ಬೇಗ, ನಾಳೆ ಮತ್ತು ಆಯ್ತು. ಇಷ್ಟರಲ್ಲೇ ಜೀವನ ನಡೆದುಹೋಗಿತ್ತು.

ದಾರಿ ತೋರಿಸಿದ್ದು ತಂಗಿಯ ಮಗಳು. ಔಷಧ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ, ಚುರುಕು, ಅವಸರದವಳು. ತಾನೂ ಅದೇ ಭಾಷೆಯನ್ನು ಮೊಬೈಲಿನ ಆ್ಯಪ್ ಒಂದರಲ್ಲಿ ಕಲಿತವಳು. ಒಂದು ಸಂಜೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು, ತನ್ನ ಬಸ್ಸು ಬರಲು ಇದ್ದ ಹತ್ತು ನಿಮಿಷದಲ್ಲಿ, ದೊಡ್ಡಮ್ಮನ ಮೊಬೈಲಿಗೆ ಅದನ್ನು ಹಾಕಿಕೊಟ್ಟಳು. ಒಳಗೆ ಸಾವಿರ ಕಾರ್ಡುಗಳಿದ್ದವು, ಕಾರ್ಡಿಗೆ ಒಂದು ವಾಕ್ಯ. ಮೊದಲು ನಮ್ಮ ಭಾಷೆಯಲ್ಲಿ ಹೇಳುತ್ತದೆ, ಆಮೇಲೆ ಐದು ಸೆಕೆಂಡು ಸುಮ್ಮನಿರುತ್ತದೆ, ಅಷ್ಟರೊಳಗೆ ಮೇಲಿನ ಮಾತಿನಲ್ಲಿ ನಾವು ಹೇಳಬೇಕು. ಆಮೇಲೆ ಸರಿಯುತ್ತರವನ್ನು ಅದೇ ಎರಡು ಸಲ ಹೇಳಿ ಮುಂದಕ್ಕೆ ಹೋಗುತ್ತದೆ.

“ಕೈ ಹಚ್ಚೋದೇ ಬೇಡ ದೊಡ್ಡಮ್ಮ, ಇಯರ್‌ಫೋನು ಕಿವಿಗೆ ಸಿಕ್ಕಿಸಿಕೊಂಡು ನಿನ್ನ ಪಾಡಿಗೆ ಕೆಲಸ ಮಾಡ್ತಾ ಇರು. ಬರದೇ ಹೋದ್ರೆ ಮಾತ್ರ ವೈರಿನ ಮೇಲಿರೋ ಈ ಗುಂಡಿ ಒತ್ತು. ಒತ್ತಿದ್ದನ್ನ ಮತ್ತೆ ಮತ್ತೆ ಕೇಳುತ್ತೆ. ಒತ್ತದೇ ಇದ್ರೆ ನಿನಗೆ ಬಂತು ಅಂದ್ಕೊಂಡು ಅದನ್ನ ದೂರ ಹಾಕುತ್ತೆ. ಗೊತ್ತಾಯ್ತಲ್ಲ?”

ಬಸ್ಸು ಬಂತು. “ಆಯ್ತು” ಎಂದಳು ಆಯ್ತಮ್ಮ.

ಲಾಂಡ್ರಿಯಲ್ಲಿ ಎರಡು ಕಡೆಗಳಿದ್ದವು, ಕೊಳೆ ಕಡೆ ಮತ್ತು ಮಡಿಸುವ ಕಡೆ. ನಡುವೆ ಗೋಡೆ, ಗೋಡೆಯೊಳಗೆ ಆನೆಯ ಹೊಟ್ಟೆಯಂಥ ಯಂತ್ರಗಳು. ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ಅವಳಿಗೆ ಕೊಳೆ ಕಡೆ ಕೆಲಸ. ವಾರ್ಡುಗಳಿಂದ ಬಂದ ಚೀಲಗಳನ್ನು ಬಿಚ್ಚಿ, ರಕ್ತದ್ದು ಬೇರೆ, ಔಷಧದ್ದು ಬೇರೆ, ಬರಿಯ ಬೆವರಿನದು ಬೇರೆ ಎಂದು ವಿಂಗಡಿಸಬೇಕು. ಮೊಳಕೈವರೆಗೆ ದಪ್ಪ ರಬ್ಬರಿನ ಕೈಗವಸು. ಕೈಗವಸು ಹಾಕಿದ ಕೈ ಭುಜಕ್ಕಿಂತ ಮೇಲೆ ಏರಬಾರದು ಎಂದು ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದಿತ್ತು. ಮರೆತು ಮೂಗು ಉಜ್ಜಿಕೊಂಡವಳೊಬ್ಬಳು ಹಿಂದೆ ಎರಡು ತಿಂಗಳು ಹಾಸಿಗೆ ಹಿಡಿದಿದ್ದಳು. ಆದ್ದರಿಂದ ಕುತ್ತಿಗೆಯ ಬಳಿ ತೂಗುವ ಆ ಗುಂಡಿಯನ್ನು ಬೆಳಿಗ್ಗೆ ಮುಟ್ಟುವ ಮಾತೇ ಇರಲಿಲ್ಲ.

ಹನ್ನೊಂದರ ಮೇಲೆ ಮಡಿಸುವ ಕಡೆ, ನಡುನಡುವೆ ಯಂತ್ರದಿಂದ ಒದ್ದೆ ಬಟ್ಟೆ ಎತ್ತಿ ಹಾಕುವುದು. ಅಲ್ಲಿ ಕೈಗವಸಿಲ್ಲ, ಆದರೆ ಕೈಗೆ ಬಿಡುವೂ ಇಲ್ಲ. ದೊಡ್ಡ ಚಾದರವನ್ನು ಇಬ್ಬರು ಮಡಿಸಬೇಕು. ಇವಳು ಎರಡು ಮೂಲೆ, ಎದುರಿನವಳು ಎರಡು ಮೂಲೆ. ಒಮ್ಮೆ ಕೊಡವಿ, ಎಳೆದು, ಉದ್ದಕ್ಕೆ ಮಡಿಚಿ, ಮತ್ತೆ ಎಳೆದು, ಒಬ್ಬರ ಕಡೆಗೊಬ್ಬರು ನಡೆದು ಬಂದು ಅಂಚಿಗೆ ಅಂಚು ಕೊಟ್ಟು, ಹಿಂದೆ ಸರಿದು ಮುಂದಿನದನ್ನು ಹಿಡಿಯುವುದು. ದಿನಕ್ಕೆ ಮುನ್ನೂರು. ಎದುರಿನವಳು ಯಾವಾಗಲೂ ಕಡ್ಡಿಯಕ್ಕ. ಕಡ್ಡಿ ಮುರಿದ ಹಾಗೆ ಮಾತಾಡುವುದರಿಂದ ಬಂದ ಹೆಸರು ಅದು. ಆಳು ನೋಡಿದರೆ ಕಂಬ. ಆಯ್ತಮ್ಮನೂ ಅಷ್ಟೇ ಎತ್ತರ, ಅದಕ್ಕೇ ಒಂಬತ್ತು ವರ್ಷದಿಂದ ಅವರಿಬ್ಬರನ್ನು ಜೋಡಿ ಹಾಕಿದ್ದರು.

ಹೀಗೆ ಪಾಠ ನಡೆಯಿತು. ಕಿವಿಯಲ್ಲಿ ನಮ್ಮ ಭಾಷೆಯ ವಾಕ್ಯ ಬರುತ್ತಿತ್ತು. ನಡುವಿನ ಐದು ಸೆಕೆಂಡು ಚೀಲದ ಗಂಟು ಬಿಚ್ಚುವುದರಲ್ಲೋ ಚಾದರ ಕೊಡವುವುದರಲ್ಲೋ ಕಳೆದುಹೋಗುತ್ತಿತ್ತು. ಆಮೇಲೆ ಉತ್ತರ ಬರುತ್ತಿತ್ತು. ಅದರ ಜೊತೆಗೆ ಅವಳ ತುಟಿಯೂ ಆಡುತ್ತಿತ್ತು, ಎರಡನೆಯ ಸಲ ಹೇಳುವಾಗ ಅವಳೂ ಗಟ್ಟಿಯಾಗಿ ಹೇಳುತ್ತಿದ್ದಳು. ಇನ್ನೊಬ್ಬರ ಹಿಂದೆ ಹೇಳಿದ್ದು ತನಗೆ ಬಂದದ್ದೇ ಎಂದು ಅನ್ನಿಸುವುದು ಬಹಳ ಸುಲಭ. ಅಲ್ಲದೆ ಗುಂಡಿ ಒತ್ತುವುದೆಂದರೆ ನನಗೆ ಬರುವುದಿಲ್ಲ ಎಂದು ಹೇಳಿಕೊಂಡಂತೆ. ಆ ಮಾತನ್ನು ಅವಳು ಮನುಷ್ಯರಿಗೇ ಹೇಳಿದವಳಲ್ಲ. ಮೊದಲ ವಾರ ಕೈ ಬಿಡುವಾಗಲಿಲ್ಲ, ಎರಡನೆಯ ವಾರ ನೆನಪಾಗಲಿಲ್ಲ, ಮೂರನೆಯ ವಾರದ ಹೊತ್ತಿಗೆ ಗುಂಡಿ ಇರುವುದು ಫೋನು ಬಂದಾಗ ಎತ್ತುವುದಕ್ಕೆ ಎಂದೇ ಆಗಿತ್ತು.

ಸಂಜೆ ಮನೆಯಲ್ಲಿ ಪಾತ್ರೆ ತೊಳೆಯುವಾಗಲೂ ಕಿವಿಗೆ ಅದೇ. ಗಂಡನಿಗೆ ಟೈರಿನ ಗಾಳಿಯಂತ್ರದ ಸದ್ದಿನಲ್ಲಿ ಒಂದು ಕಿವಿ ಮಂದವಾಗಿತ್ತು. ಇನ್ನೊಂದು ಬೇಡವಾದದ್ದನ್ನೆಲ್ಲ ಕೇಳುತ್ತಿತ್ತು. ಅವಳು ಬಚ್ಚಲ ಕಡೆ ನಿಂತು ಗೊಣಗುವುದನ್ನು ಹತ್ತು ದಿನ ಕೇಳಿ, ಹನ್ನೊಂದನೆಯ ದಿನ ಟೀವಿಯ ಮುಂದಿನಿಂದ ಎದ್ದು ಬಂದ.

“ನನ್ನನ್ನ ಬೈತಿದ್ದೀಯಾ?”

ಇಲ್ಲ ಎಂದಳು.

“ಬೈಯೋದಾದ್ರೆ ನನಗೆ ಗೊತ್ತಿರೋ ಭಾಷೇಲಿ ಬೈ ಮಾರಾಯ್ತಿ, ಜವಾಬಾದ್ರೂ ಕೊಡ್ತೀನಿ.”

ಅವಳು ಅವನನ್ನು ಬೈಯುತ್ತಿರಲಿಲ್ಲ. ನನ್ನ ಚಿಕ್ಕಪ್ಪನಿಗೆ ಹಳದಿ ದೋಣಿ ಇದೆ ಎಂದು ಹೇಳುತ್ತಿದ್ದಳು. ಸಾವಿರ ಕಾರ್ಡುಗಳನ್ನು ಮಾಡಿದವರು ಯಾರೋ, ಅವರ ಕಣ್ಣೆದುರು ಪ್ರವಾಸಕ್ಕೆ ಹೊರಟವರು ಇದ್ದರೇ ಹೊರತು ಕೊಳೆಬಟ್ಟೆ ವಿಂಗಡಿಸುವವರಿರಲಿಲ್ಲ. ದೋಣಿ, ವಸ್ತುಸಂಗ್ರಹಾಲಯ, ಕಿಟಕಿಯ ಪಕ್ಕದ ಸೀಟು, ಮೂರು ಬೆಕ್ಕು ಸಾಕಿದ ಅಜ್ಜಿ, ಎಲ್ಲ ಇದ್ದವು. ನಡುನಡುವೆ ಹಾಸಿಗೆ, ಜ್ವರ, ಬಾಗಿಲು, ಬೀಗದಂಥ ಕೆಲಸದ ಮಾತುಗಳೂ ಇದ್ದವು. ಅವಳು ಆರಿಸಲಿಲ್ಲ. ಬಂದದ್ದನ್ನೆಲ್ಲ ಕೇಳಿದಳು.

ಆ್ಯಪ್ ಬೆಳಿಗ್ಗೆ ಬೆಳಿಗ್ಗೆ ಇವತ್ತು ಇಷ್ಟು ಕಾರ್ಡು ಎಂದು ಒಂದು ಅಂಕಿ ತೋರಿಸುತ್ತಿತ್ತು. ಮೊದಮೊದಲು ನೂರು ದಾಟುತ್ತಿತ್ತು. ಹೊಸ ಕಾರ್ಡುಗಳು ಮುಗಿದ ಮೇಲೆ ಎಪ್ಪತ್ತಾಯಿತು, ಮೂವತ್ತಾಯಿತು. ಐದನೆಯ ತಿಂಗಳ ಕೊನೆಗೆ ಒಂಬತ್ತಕ್ಕೆ ಇಳಿಯಿತು. ಹೊಲಿಗೆ ಪೆಟ್ಟಿಗೆಯ ದಾರದುಂಡೆ ಕರಗುವುದನ್ನು ನೋಡುವ ಹಾಗೆ ಅವಳು ಆ ಅಂಕಿಯನ್ನು ನೋಡುತ್ತಿದ್ದಳು. ಒಂಬತ್ತು ಕಂಡ ದಿನ ಗಂಡನಿಗೆ, ಮುಗೀತಾ ಬಂತು, ಅಂದಳು. ಅವಳ ದನಿಯಲ್ಲಿ ಅಷ್ಟು ಗತ್ತು ಇದ್ದದ್ದನ್ನು ಅವನು ಮದುವೆಯಾದ ಮೇಲೆ ಕೇಳಿರಲಿಲ್ಲವಂತೆ. ಮಾತಿನ ಪರೀಕ್ಷೆಗೆ ಇನ್ನು ಹದಿನಾಲ್ಕು ದಿನವಿತ್ತು.

ಮಾರನೆಯ ದಿನ ಸೂಪರ್‌ವೈಸರ್ ಊಟಕ್ಕೆ ಹೋದಾಗ ಗೋಡೆಯ ಫೋನು ಬಡಿದುಕೊಂಡಿತು. ಅವನಿಲ್ಲದಾಗ ಅದನ್ನು ಕಡ್ಡಿಯಕ್ಕ ಎತ್ತುವುದು ರೂಢಿ. ಮದುವೆಗೆ ಮುಂಚೆ ಮೇಲಿನ ಮಾತಿನವರ ಮನೆಯೊಂದರಲ್ಲಿ ಏಳು ವರ್ಷ ಅಡಿಗೆ ಮಾಡಿಕೊಂಡಿದ್ದವಳು, ಅವಳಿಗೆ ಅದು ನೀರು ಕುಡಿದಷ್ಟು ಸಲೀಸು. ಅಂದು ಆಯ್ತಮ್ಮ, ನಾನು ನೋಡ್ತೀನಿ ಎಂದು ಚಾದರದ ಮೂಲೆ ಬಿಟ್ಟು ಹೋದಳು. ಆ ಕಡೆಯಿಂದ ಮಕ್ಕಳ ವಾರ್ಡಿನ ನರ್ಸು ಏನನ್ನೋ ಗಡಗಡನೆ ಹೇಳಿದಳು. ವಾರ್ಡು ಎಂಬುದು ತಿಳಿಯಿತು, ಟ್ರಾಲಿ ಎಂಬುದು ತಿಳಿಯಿತು, ಉಳಿದದ್ದು ನೀರಿನಂತೆ ಹರಿದುಹೋಯಿತು. ದೋಣಿಯೂ ಇಲ್ಲ, ಬೆಕ್ಕೂ ಇಲ್ಲ. ಹಿಂದೆ ಕಡ್ಡಿಯಕ್ಕ ನೋಡುತ್ತಿದ್ದಳು. ಆಯ್ತಮ್ಮ ಮೇಲಿನ ಮಾತಿನಲ್ಲಿ ಆಯ್ತು ಎಂದು ಫೋನು ಇಟ್ಟು, ಮಕ್ಕಳ ವಾರ್ಡಿಗೆ ಸಿದ್ಧವಾಗಿದ್ದ ಎರಡು ಟ್ರಾಲಿಗಳನ್ನು ಲಿಫ್ಟಿಗೆ ತಳ್ಳಿಸಿದಳು.

ನರ್ಸು ಹೇಳಿದ್ದು ಅದಕ್ಕೆ ತದ್ವಿರುದ್ಧ. ವಾರ್ಡಿನಲ್ಲಿ ಒಂದು ಮಗುವಿಗೆ ಅಂಟುರೋಗ ಕಂಡಿದೆ, ಕೋಣೆಗಳಿಗೆ ಔಷಧ ಹೊಡೆಯುತ್ತಿದ್ದಾರೆ, ಇವತ್ತು ಟ್ರಾಲಿ ಕಳಿಸಬೇಡಿ ಎಂದು. ಮೇಲೆ ಹೋದ ಶುಭ್ರ ಬಟ್ಟೆಗಳು ಔಷಧದ ಹೊಗೆಯ ನಡುವೆ ಅರ್ಧ ಗಂಟೆ ನಿಂತು ಹಾಗೇ ಕೆಳಗಿಳಿದವು. ಇನ್ನೂರ ಹತ್ತು ಬಟ್ಟೆ, ಪೂರಾ ಮತ್ತೆ ತೊಳೆಯಬೇಕು. ಸೂಪರ್‌ವೈಸರ್ ಕೂಗಾಡಲಿಲ್ಲ. ಫೋನು ಎತ್ತಿದ್ದು ಯಾರು ಎಂದು ಕೇಳಿದ. ಕೇಳಿ, ಕೈಯಲ್ಲಿದ್ದ ಪಟ್ಟಿ ನೋಡಿದ. ಉಗ್ರಾಣಕ್ಕೆ ಹೆಸರು ಕೊಟ್ಟವರ ಪಟ್ಟಿ ಅದು. ಮಡಚಿ ಜೇಬಿಗೆ ಹಾಕಿಕೊಂಡ.

ತೊಳೆದು ಒಣಗಿಸಿ ಮತ್ತೆ ಮಡಿಸುವಷ್ಟರಲ್ಲಿ ಸಂಜೆ ಆರೂವರೆ. ಕಡ್ಡಿಯಕ್ಕ ಇಡೀ ಹೊತ್ತು ತುಟಿ ಬಿಚ್ಚಲಿಲ್ಲ; ಅವಳ ಮಟ್ಟಿಗೆ ಅದು ಬೈಗುಳಕ್ಕಿಂತ ಹೆಚ್ಚು. ಕೊನೆಯ ಚಾದರ ಇಟ್ಟ ಮೇಲೆ ಕೇಳಿದಳು.

“ತಿಳೀಲಿಲ್ಲ ಅನ್ನೋಕೆ ನಿನಗೆ ಏನಾಗಿತ್ತೆ?”

ಆಯ್ತಮ್ಮ ಏಪ್ರನ್ನು ಬಿಚ್ಚಿ ಗೂಟಕ್ಕೆ ಹಾಕಿದಳು. ಮಣಿಕಟ್ಟಿನಿಂದ ಮೊಳಕೈವರೆಗೆ ನೋವು ತಂತಿ ಎಳೆದ ಹಾಗೆ ಏರುತ್ತಿತ್ತು.

ಅಲ್ಲಿಂದ ನೇರವಾಗಿ ತಂಗಿಯ ಮನೆಗೆ ಹೋದಳು. ಹುಡುಗಿ ಮೊಬೈಲು ತೆಗೆದುಕೊಂಡು ಅಲ್ಲಿ ಇಲ್ಲಿ ಒತ್ತಿ ನೋಡಿ, ಮೊದಲು ಮೆಚ್ಚುಗೆಯಿಂದ ಹುಬ್ಬೇರಿಸಿದಳು. ಸಾವಿರಕ್ಕೆ ಸಾವಿರವೂ ಬರುತ್ತೆ ಅಂತ ತೋರಿಸ್ತಿದೆ, ನೂರಕ್ಕೆ ನೂರು, ನನಗೂ ಇಷ್ಟು ಬಂದಿಲ್ಲ ಎಂದಳು. ಆಮೇಲೆ ಅವಳ ಹೆಬ್ಬೆರಳು ನಿಂತಿತು.

“ದೊಡ್ಡಮ್ಮ, ಗುಂಡಿ ಒಂದು ಸಲಾನೂ ಒತ್ತಿಲ್ವಾ?”

“ಯಾವ ಗುಂಡಿ?”

ಹುಡುಗಿ ನಾಲಗೆ ಕಚ್ಚಿಕೊಂಡಳು. ಮೆಲ್ಲಗೆ ವಿವರಿಸಿದಳು. ಒತ್ತದೇ ಇದ್ದದ್ದನ್ನೆಲ್ಲ ಅದು ಬಂತೆಂದೇ ಬರೆದುಕೊಂಡಿದೆ. ಬಂದದ್ದನ್ನು ಮೊದಲು ಮೂರು ದಿನ ಬಿಟ್ಟು ಕೇಳುತ್ತದೆ, ಆಮೇಲೆ ವಾರ, ಆಮೇಲೆ ತಿಂಗಳು, ಆಮೇಲೆ ನಾಲ್ಕು ತಿಂಗಳು. ಅಂಕಿ ಇಳಿದದ್ದು ಕಲಿತದ್ದಕ್ಕಲ್ಲ, ಅದು ಕೇಳುವುದನ್ನು ಬಿಟ್ಟದ್ದಕ್ಕೆ. ಉದಾಹರಣೆಗೆ ಒಂದು ಕಾರ್ಡು ತೆಗೆದು ತೋರಿಸಿದಳು: ದಯವಿಟ್ಟು ನಿಧಾನವಾಗಿ ಹೇಳಿ. ಅದು ಮತ್ತೆ ಬರಬೇಕಾಗಿದ್ದುದು ಮುಂದಿನ ವರ್ಷ. ಹೇಳು ನೋಡೋಣ ಎಂದಳು. ಆಯ್ತಮ್ಮ ಬಾಯಿ ತೆರೆದಳು. ಮೊಬೈಲು ಮುಂದಾಗಿ ಹೇಳಲಿ ಎಂದು ನಾಲಗೆ ಕಾಯುತ್ತಿತ್ತು. ಮೊಬೈಲು ಸುಮ್ಮನಿತ್ತು.

ತಂಗಿ ಕಾಫಿ ತಂದಿಟ್ಟಳು. ಆಯ್ತಮ್ಮ ಲೋಟವನ್ನು ಎರಡೂ ಕೈಯಿಂದ ಹಿಡಿದು ಕುಡಿದಳು. ಐದು ತಿಂಗಳು, ಒಂದು ದಿನವೂ ತಪ್ಪಿಸದೆ. ಅಳು ಬರಲಿಲ್ಲ. ಅಳುವುದಕ್ಕೂ ಒಂದಿಷ್ಟು ಶಕ್ತಿ ಉಳಿದಿರಬೇಕು.

ಮಾರನೆಯ ದಿನ ಹನ್ನೊಂದು ಗಂಟೆಗೆ ಚಾದರದ ಆಚೆ ತುದಿಯಲ್ಲಿದ್ದ ಕಡ್ಡಿಯಕ್ಕನಿಗೆ ಎಲ್ಲವನ್ನೂ ಹೇಳಿ, ಹೆಸರು ವಾಪಸ್ ತಗೋತೀನಿ, ನನ್ನ ಕೈಲಿ ಆಗಲ್ಲ ಎಂದಳು. ಈ ಬಾಯಿಂದ ಆಗಲ್ಲ ಎಂಬ ಮಾತು ಕೇಳಿ ಕಡ್ಡಿಯಕ್ಕ ಒಂದು ಕ್ಷಣ ಚಾದರ ಎಳೆಯುವುದನ್ನೇ ನಿಲ್ಲಿಸಿದಳು. ನಗುವುದಕ್ಕೆ ಹೊರಟವಳು ಅವಳ ಊದಿದ ಮಣಿಕಟ್ಟು ನೋಡಿ ನಗು ನುಂಗಿಕೊಂಡಳು. ಅದು ಹೇಳಿದ ಮೇಲೇ ನೀನು ಹೇಳ್ತಿದ್ದೆ ಅಂತ ನನಗೇನು ಗೊತ್ತು, ಅದರ ಮಾತು ನಿನ್ನ ಕಿವಿಯೊಳಗಿತ್ತು, ನನಗೆ ಕೇಳ್ತಿದ್ದುದು ನಿನ್ನದು ಮಾತ್ರ, ಭೇಷ್ ಅಂದ್ಕೊಂಡಿದ್ದೆ ಎಂದಳು.

ಕಡ್ಡಿಯಕ್ಕ ಎರಡು ವರ್ಷದ ಹಿಂದೆ ಇಂಥದೇ ಒಂದು ಜಾಗಕ್ಕೆ ಹೋಗಿ ಬಂದವಳು. ರಜೆಯ ದಿನ ಏನು ಮಾಡುತ್ತೀರಿ ಎಂದು ಪರೀಕ್ಷೆ ಮಾಡುವ ಹೆಂಗಸು ಕೇಳಿದ್ದಕ್ಕೆ, ಅದು ನಿಮಗ್ಯಾಕೆ ಎಂದು ಒಂದು ಅಕ್ಷರವೂ ತಪ್ಪದ ಮೇಲಿನ ಮಾತಿನಲ್ಲಿ ಕೇಳಿದ್ದಳು. ಅಲ್ಲಿಗೆ ಮುಗಿದಿತ್ತು. ಮುಂದಿನ ವರ್ಷ ಅವಳದೇ ನಿವೃತ್ತಿ. ಆ ಆಸೆ ಅವಳಿಗೆ ಇನ್ನಿರಲಿಲ್ಲ. ಆದರೆ ಬರುವ ವಿದ್ಯೆಯೊಂದು ಉಪಯೋಗಕ್ಕೆ ಬರದೆ ಕೂತಿದೆ ಎಂಬ ಸಿಟ್ಟಿತ್ತು.

“ಹೆಸರು ಆಮೇಲೆ ವಾಪಸ್ ತಗೋಳೋವಂತೆ. ಆ ಡಬ್ಬಾನ ಈ ಮೇಜಿನ ಮೇಲಿಡು. ನಿನಗೆ ಒತ್ತೋಕೆ ನಾಚಿಕೆ ಆದ್ರೆ ನಾನು ಒತ್ತುತ್ತೀನಿ. ನನಗೆ ಯಾವ ನಾಚಿಕೇನೂ ಇಲ್ಲ.”

ತಂಗಿಯ ಮಗಳು ಹಳೆಯದನ್ನೆಲ್ಲ ಅಳಿಸಿ, ಸಾವಿರದಲ್ಲಿ ಆಸ್ಪತ್ರೆಗೂ ಉಗ್ರಾಣಕ್ಕೂ ಬೇಕಾದ ನೂರೈವತ್ತನ್ನು ಮಾತ್ರ ಉಳಿಸಿ, ಕಡ್ಡಿಯಕ್ಕ ಹೇಳಿ ಬರೆಸಿದ ಎಪ್ಪತ್ತನ್ನು ಹೊಸದಾಗಿ ಸೇರಿಸಿದಳು. ಎಷ್ಟು ಚಾದರ ಬೇಕು. ಇದು ಹರಿದಿದೆ, ಬೇರೆ ಕೊಡುತ್ತೇನೆ. ಹಸಿರು ಗೌನು ಮಧ್ಯಾಹ್ನ ಬರುತ್ತದೆ. ಸಹಿ ಇಲ್ಲದೆ ಕೊಡುವುದಿಲ್ಲ. ಚೀಲದಲ್ಲಿ ಸೂಜಿ ಇತ್ತು. ಚಿಕ್ಕಪ್ಪನ ದೋಣಿ ಹೋಯಿತು. ಅದೊಂದು ಮಾತ್ರ ಅವಳಿಗೆ ಚೆನ್ನಾಗಿ ಬರುತ್ತಿತ್ತು ಎಂಬುದು ಬೇರೆ ವಿಷಯ.

ಇಯರ್‌ಫೋನಿನ ವೈರು ಚಾದರದ ಉದ್ದಕ್ಕೆ ಸಾಲದು. ಆದ್ದರಿಂದ ಮೊಬೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮಡಿಸಿದ ಬಟ್ಟೆ ಇಡುವ ಮೇಜಿನ ತುದಿಯಲ್ಲಿ ಗಟ್ಟಿಯಾಗಿ ಮಾತಾಡುವಂತೆ ಇಟ್ಟರು; ಗುಂಡಿಯ ಬದಲು ಪರದೆಯನ್ನು ಕುಟ್ಟಿದರೂ ಒತ್ತಿದಂತೆಯೇ ಆಗುತ್ತಿತ್ತು. ಅದು ನಮ್ಮ ಭಾಷೆಯಲ್ಲಿ ಕೇಳುವಾಗ ಚಾದರ ಕೊಡವುವುದು, ಐದು ಸೆಕೆಂಡು ಹಾಗೇ ಎಳೆದು ಹಿಡಿದು ನಿಲ್ಲುವುದು. ಆ ಐದು ಸೆಕೆಂಡಿನಲ್ಲಿ ಆಯ್ತಮ್ಮ ಬಾಯಿ ಬಿಡದಿದ್ದರೆ ಕಡ್ಡಿಯಕ್ಕ, ಬರಲಿಲ್ಲ, ಅನ್ನುತ್ತಿದ್ದಳು. ಅರ್ಧ ಹೇಳಿದರೂ ಬರಲಿಲ್ಲ. ಸರಿಯಾಗಿ ಹೇಳಿ ಕೊನೆಯಲ್ಲಿ ನುಂಗಿದರೂ ಬರಲಿಲ್ಲ. ನಡೆದು ಬಂದು, ಅಂಚು ಕೊಟ್ಟು, ಬಟ್ಟೆ ಮೇಜಿಗೆ ಇಡುವಾಗ ಬೆರಳ ಗೆಣ್ಣಿನಿಂದ ಮೊಬೈಲನ್ನು ಕುಟ್ಟುತ್ತಿದ್ದಳು. ಮೊದಲ ದಿನ ನೂರ ಹನ್ನೆರಡು ಸಲ ಕುಟ್ಟಿದಳೆಂದು ಆ್ಯಪ್ ಬರೆದುಕೊಂಡಿತು. ಕೆಲಸ ನಿಧಾನವಾಯಿತು, ಮಡಿಸುವುದನ್ನು ಮುಗಿಸಲು ಇಬ್ಬರೂ ಮುಕ್ಕಾಲು ಗಂಟೆ ಹೆಚ್ಚು ನಿಂತರು. ಅದಕ್ಕೆ ಯಾರೂ ಏನೂ ಕೊಡುವವರಿರಲಿಲ್ಲ, ಕಡ್ಡಿಯಕ್ಕ ಕೇಳಲೂ ಇಲ್ಲ.

ಗಟ್ಟಿಯಾಗಿ ಇಟ್ಟದ್ದರಿಂದ ಪಾಠ ಇಡೀ ನೆಲಮಾಳಿಗೆಗೆ ಆಯಿತು. ಒಣಗಿಸುವ ಯಂತ್ರದವನು, ಹೊಟ್ಟೆ ದಪ್ಪಗಿದ್ದ ನಗೆಗಾರ, ಆಯ್ತಮ್ಮ ತಡವರಿಸಿದಾಗಲೆಲ್ಲ ಆ ಕಡೆಯಿಂದ ಬೇಕೆಂದೇ ತಪ್ಪು ಉತ್ತರ ಕೂಗುತ್ತಿದ್ದ. ಮೂರನೆಯ ದಿನ ಅವನು ಕೂಗಿದ್ದು ಅಕಸ್ಮಾತ್ತಾಗಿ ಸರಿಯಾಗಿಬಿಟ್ಟಿತು. ಕಡ್ಡಿಯಕ್ಕ ತಿರುಗಿ, ಉಗ್ರಾಣಕ್ಕೆ ನಿನ್ನನ್ನೇ ಕಳಿಸೋಣ ಬಿಡು, ಕುರ್ಚಿ ಮಾತ್ರ ನಿನ್ನ ಅಳತೆಗೆ ಹೊಸದು ಮಾಡಿಸಬೇಕು ಎಂದಳು. ಆಮೇಲೆ ಅವನು ಎರಡು ದಿನ ಕೂಗಲಿಲ್ಲ.

ದಿನಗಳು ಎಣಿಸಿದ ಹಾಗೆ ಹೋದವು. ಕುಟ್ಟುವುದು ತೊಂಬತ್ತಾಯಿತು, ಅರವತ್ತಾಯಿತು, ಒಂದು ದಿನ ಮತ್ತೆ ಎಂಬತ್ತಕ್ಕೆ ಏರಿತು. ಆ ದಿನ ಆಯ್ತಮ್ಮ ಮನೆಗೆ ಹೋಗುವಾಗ ಬಸ್ಸಿನಲ್ಲಿ ನಿದ್ದೆ ಹೋಗಿ ಎರಡು ನಿಲ್ದಾಣ ಮುಂದೆ ಇಳಿದಳು. ಗಂಡ ಪಾತ್ರೆ ತೊಳೆದಿಟ್ಟಿದ್ದ. ಎಣ್ಣೆಯ ಜಿಡ್ಡು ಹೋಗಿರಲಿಲ್ಲ. ಅವಳು ಬೆಳಿಗ್ಗೆ ಎದ್ದು ಮತ್ತೆ ತೊಳೆದಳು. ಪರೀಕ್ಷೆಯ ಹಿಂದಿನ ದಿನ ಕುಟ್ಟಿದ್ದು ಮೂವತ್ತೆಂಟು. ಇನ್ನೂರ ಇಪ್ಪತ್ತರಲ್ಲಿ ಮೂವತ್ತೆಂಟು ಬರುವುದಿಲ್ಲ ಎಂಬುದು ಈಗ ಅವಳಿಗೆ ಖಚಿತವಾಗಿ ಗೊತ್ತಿತ್ತು. ಯಾವ ಮೂವತ್ತೆಂಟು ಎಂಬುದೂ ಗೊತ್ತಿತ್ತು.

ಪರೀಕ್ಷೆ ಮಾಡಿದ ಹೆಂಗಸಿಗೆ ನೆಗಡಿಯಾಗಿತ್ತು. ಸಣ್ಣ ಕೋಣೆ, ಮೇಜಿನ ಮೇಲೆ ಕಾಗದ, ಕಿಟಕಿಯಾಚೆ ನೀರಿನ ಟ್ಯಾಂಕು. ಹೆಸರು, ವಯಸ್ಸು, ಕೆಲಸ ಕೇಳಿದಳು, ಆಯ್ತಮ್ಮ ಹೇಳಿದಳು. ದಿನದ ಕೆಲಸ ವಿವರಿಸಿ ಅಂದಾಗ ಒಂದು ವಾಕ್ಯ ಹೇಳಿ, ಸ್ವಲ್ಪ ನಿಂತು, ಇನ್ನೊಂದು ವಾಕ್ಯ ಹೇಳಿದಳು. ಚೀಲ ಬಿಚ್ಚುತ್ತೇನೆ. ರಕ್ತದ್ದು ಬೇರೆ ಇಡುತ್ತೇನೆ. ಮಧ್ಯಾಹ್ನ ಮಡಿಸುತ್ತೇನೆ. ಪ್ರತಿ ಸಲ ಅವಳು ನಿಂತಾಗ ಮುಗಿಯಿತೆಂದುಕೊಂಡು ಹೆಂಗಸು ಪೆನ್ನು ಎತ್ತುತ್ತಿದ್ದಳು, ಇವಳು ಮತ್ತೆ ಶುರು ಮಾಡಿದಾಗ ಇಳಿಸುತ್ತಿದ್ದಳು.

ಆಮೇಲೆ ಹೆಂಗಸು ಮೂಗು ಒರೆಸಿಕೊಂಡು ಒಂದು ಉದ್ದನೆಯ ಪ್ರಶ್ನೆ ಕೇಳಿದಳು. ವಾರ್ಡು ಎಂಬುದು ಕೇಳಿಸಿತು, ವಾಪಸ್ ಎಂಬುದು ಕೇಳಿಸಿತು. ಉಳಿದದ್ದು ಕರವಸ್ತ್ರದೊಳಗೆ ಹೋಯಿತು. ಕೇಳಿದವಳ ಮುಖ ನೋಡಿದರೆ ಅದಕ್ಕೆ ಬೇಕಾಗಿದ್ದುದು ಹೂಂ ಎಂಬಷ್ಟೇ ಎನ್ನಿಸುತ್ತಿತ್ತು. ಹೆಂಗಸು ತನ್ನ ತಲೆಯನ್ನೂ ಆಗಲೇ ಹೌದೆಂಬಂತೆ ಅರ್ಧ ಆಡಿಸಿದ್ದಳು, ಪೆನ್ನು ಕಾಗದದ ಮೇಲಿತ್ತು. ಆಯ್ತು ಎಂಬುದು ಆಯ್ತಮ್ಮನ ಹಲ್ಲಿನ ಹಿಂದೆ ಬಂದು ನಿಂತಿತು. ಮಕ್ಕಳ ವಾರ್ಡಿನ ಎರಡು ಟ್ರಾಲಿಗಳು ಕಣ್ಣ ಮುಂದೆ ಬಂದವು.

ಅವಳು ಮೇಲಿನ ಮಾತಿನಲ್ಲಿ, “ನನಗೆ ತಿಳಿಯಲಿಲ್ಲ. ದಯವಿಟ್ಟು ನಿಧಾನವಾಗಿ ಹೇಳಿ” ಎಂದಳು.

ಹೆಂಗಸು ತಲೆ ಎತ್ತಿದಳು. ಪೆನ್ನು ಇಟ್ಟು, ಬಿಡಿಬಿಡಿಯಾಗಿ ಮತ್ತೆ ಕೇಳಿದಳು. ವಾರ್ಡಿನವರು ವಾಪಸ್ ಕಳಿಸಿದ ಚೀಲದಲ್ಲಿ ಸೂಜಿ ಸಿಕ್ಕಿದರೆ, ಅದನ್ನು ಯಾರಿಗೂ ಹೇಳಬೇಡಿ ಎಂದು ನರ್ಸು ಕೇಳಿಕೊಂಡರೆ, ಒಪ್ಪುತ್ತೀರಾ?

ಇಲ್ಲ ಎಂದಳು ಆಯ್ತಮ್ಮ. ಚೀಲದಲ್ಲಿ ಸೂಜಿ ಇತ್ತು ಎಂದು ಬರೆಯುತ್ತೇನೆ. ಸಹಿ ಇಲ್ಲದೆ ಕೊಡುವುದಿಲ್ಲ. ಕೆಳಗಿನವರ ಕೈಗೆ ಚುಚ್ಚುತ್ತದೆ. ಕೊನೆಯ ವಾಕ್ಯ ಕಾರ್ಡಿನದಲ್ಲ, ಅವಳೇ ಕಟ್ಟಿದ್ದು. ಅದರಲ್ಲಿ ಎರಡು ತಪ್ಪಿದ್ದವು. ಅರ್ಧ ಗಂಟೆಯಲ್ಲಿ ಅವಳು ತಿಳಿಯಲಿಲ್ಲ ಎಂದದ್ದು ಒಟ್ಟು ಆರು ಸಲ. ಆರಕ್ಕೂ ಒಂದೊಂದು ಗೆರೆ ಬಿತ್ತು. ಗೆರೆ ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಎಂದು ಅವಳು ಕೇಳಲಿಲ್ಲ.

ಎರಡು ದಿನದ ಮೇಲೆ ಮಧ್ಯಾಹ್ನ ಸೂಪರ್‌ವೈಸರ್ ಮಡಿಸುವ ಮೇಜಿನ ಹತ್ತಿರ ಬಂದು ಚೀಟಿ ಕೊಟ್ಟ. ನೂರಕ್ಕೆ ಐವತ್ತು ಬರಬೇಕಿತ್ತು, ಐವತ್ತಮೂರು ಬಂದಿತ್ತು. ಸೋಮವಾರದಿಂದ ಉಗ್ರಾಣ, ಮೂರು ತಿಂಗಳು ನೋಡುತ್ತಾರೆ, ಸರಿಹೋದರೆ ಖಾಯಂ, ಇಲ್ಲದಿದ್ದರೆ ವಾಪಸ್ ಕೆಳಕ್ಕೆ. ಒಣಗಿಸುವವನು ದೂರದಿಂದಲೇ, ದೊಡ್ಡಮನುಷ್ಯರಾದ್ರಿ, ಕೆಳಗಿನವರ ಗುರುತು ಇಟ್ಕೊಳ್ಳಿ ಎಂದು ಕೈ ಮುಗಿದ. ಆಯ್ತಮ್ಮ ಚೀಟಿಯನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಸಂತೋಷ ಬರುತ್ತದೇನೋ ಎಂದು ಕಾದಳು. ಬಂದದ್ದು ಬೆನ್ನು ನೋವು; ಎರಡು ವಾರದಿಂದ ಇದ್ದದ್ದೇ, ಈಗ ಅದರ ಕಡೆ ಗಮನ ಕೊಡಲು ಪುರಸೊತ್ತಾಗಿತ್ತು.

ಕಡ್ಡಿಯಕ್ಕ ಐವತ್ತಮೂರಾ ಎಂದು ಕೇಳಿದಳು, ಸಾಕು ಎಂದಳು. ಮುಂದಿನ ಚಾದರದ ಎರಡು ಮೂಲೆ ಹಿಡಿದು ಹಿಂದಕ್ಕೆ ಸರಿದಳು. ಮೇಜಿನ ಮೇಲೆ ಮೊಬೈಲು ಇರಲಿಲ್ಲ. ಎರಡು ಮೂರು ಚಾದರ ಮಡಿಸಿದ ಮೇಲೆ ಕಡ್ಡಿಯಕ್ಕ ಕೇಳಿದಳು.

“ಸೋಮವಾರದಿಂದ ಈ ತುದಿಗೆ ಯಾರು?”

“ಯಾರನ್ನಾದ್ರೂ ಹಾಕ್ತಾರಕ್ಕ.”

“ಹಾಕ್ತಾರೆ. ಹೊಸದಾಗಿ ಬಂದಿದ್ದಾಳಲ್ಲ, ಆ ಗಿಡ್ಡಿ, ಅವಳನ್ನೇ ಹಾಕ್ತಾರೆ. ನನ್ನ ಎದೆ ಮಟ್ಟಕ್ಕೂ ಇಲ್ಲ. ಅವಳ ಕಡೆ ಚಾದರ ನೆಲ ಗುಡಿಸುತ್ತೆ. ನಾನು ವರ್ಷಪೂರ್ತಿ ಬಗ್ಗಿಕೊಂಡೇ ಮಡಿಸಬೇಕು.”

ಆಯ್ತಮ್ಮ ಇದಕ್ಕೆ ಆಯ್ತು ಎನ್ನಲಿಲ್ಲ. ಸೂಪರ್‌ವೈಸರ್‌ಗೆ ಹೇಳಿ ನೋಡ್ತೀನಿ, ಒಣಗಿಸೋ ಕಡೆ ಎತ್ತರದವಳೊಬ್ಬಳಿದ್ದಾಳೆ ಎಂದಳು. ಕಡ್ಡಿಯಕ್ಕ, ಅವಳ ಬಾಯಿ ನನಗಿಂತ ಜೋರು, ಬೇಡ ಎಂದಳು. ಆಮೇಲೆ ಸ್ವಲ್ಪ ಯೋಚಿಸಿ, ಕೇಳಿ ನೋಡು ಎಂದಳು.

ಟ್ರಾಲಿಯಲ್ಲಿ ಇನ್ನೂ ಅರವತ್ತು ಚಾದರ ಉಳಿದಿದ್ದವು. ಐದೂಕಾಲಿಗೆ ಮುಗಿಸಿದರು.